ವಾಟರ್ಸಾ? ಗಿಲ್ಮೋರಾ? ಪ್ರಶ್ನೆಯೇ ತಪ್ಪು ಗುರೂ

ಪಿಂಕ್ ಫ್ಲಾಯ್ಡ್ ಕೇಳುವ ಇಬ್ಬರು ಒಂದು ಕಡೆ ಸೇರಿದರೆ ಹತ್ತು ನಿಮಿಷದೊಳಗೆ ಒಂದು ಜಗಳ ಗ್ಯಾರಂಟಿ. ಫ್ಲಾಯ್ಡ್ ಅಂದರೆ ರೋಜರ್ ವಾಟರ್ಸಾ, ಡೇವಿಡ್ ಗಿಲ್ಮೋರಾ? ಒಬ್ಬ ಹೇಳ್ತಾನೆ, ಮಾತು, ಕಥೆ, ಸಿಟ್ಟು ಎಲ್ಲಾ ವಾಟರ್ಸ್‌ದು, 1985ರಲ್ಲಿ ಅವನು ಬಿಟ್ಟುಹೋದ ಮೇಲೆ ಉಳಿದದ್ದು ಬರೀ ಬೋರ್ಡು ಅಂತ. ಇನ್ನೊಬ್ಬ ಹೇಳ್ತಾನೆ, ಆ ಗಿಟಾರ್ ಒಂದು ತೆಗೆದುಬಿಡು, ಆಮೇಲೆ ಉಳಿಯೋದು ಭಾಷಣ ಅಷ್ಟೇ ಅಂತ. ಪಿಜಿ ಕೋಣೆಗಳಲ್ಲಿ, ಆಫೀಸ್ ಕ್ಯಾಬ್‌ಗಳಲ್ಲಿ, ಪಬ್ ಟೇಬಲ್ಲುಗಳ ಸುತ್ತ ನಾನು ಇದನ್ನು ಕೇಳಿ ಕೇಳಿ ಸುಸ್ತಾಗಿದ್ದೇನೆ. ಅಣ್ಣಾವ್ರಾ ವಿಷ್ಣುನಾ ಅನ್ನೋ ಜಗಳದಲ್ಲಾದರೂ ಎರಡು ಪಕ್ಷಕ್ಕೂ ಬೇರೆ ಬೇರೆ ಸಿನಿಮಾ ಇದ್ದವು. ಇಲ್ಲಿ ಇಬ್ಬರೂ ಒಂದೇ ಆಲ್ಬಮ್ ಹಿಡಿದುಕೊಂಡು ಕಿತ್ತಾಡ್ತಾರೆ, ಆ ಆಲ್ಬಮ್‌ನಲ್ಲಿ ಮೂರನೆಯವನೊಬ್ಬ ಇದ್ದ ಅನ್ನೋದು ಇಬ್ಬರಿಗೂ ನೆನಪಿರುವುದಿಲ್ಲ.

ಆ ಮೂರನೆಯವನ ಹೆಸರು ರಿಚರ್ಡ್ ರೈಟ್. ಕೀಬೋರ್ಡ್ ನುಡಿಸುತ್ತಿದ್ದವನು. ಫ್ಲಾಯ್ಡ್ ಅಭಿಮಾನಿಗಳ ಪೈಕಿ ಅರ್ಧಕ್ಕರ್ಧ ಜನ ಅವನನ್ನು ಪಕ್ಕವಾದ್ಯದವನ ಹಾಗೆ ನೋಡ್ತಾರೆ ಅನ್ನೋದೇ ನನ್ನ ತಕರಾರು. ಇದು ಬರೀ ಅಭಿರುಚಿಯ ವಿಷಯ ಅಂತ ನೀವು ಅನ್ನಬಹುದು. ಅಲ್ಲ. ಲೆಕ್ಕದ ವಿಷಯ. ಲೆಕ್ಕ ಹಾಕೋಣ ಬನ್ನಿ.

1973ರ ಮಾರ್ಚ್‌ನಲ್ಲಿ ಬಂದ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ತೆಗೆದುಕೊಳ್ಳಿ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 1988ರ ತನಕ ಒಟ್ಟು 741 ವಾರ ಕೂತಿದ್ದ ಆಲ್ಬಮ್ ಅದು. ಅದರಲ್ಲಿ 10 ಟ್ರ್ಯಾಕ್. ಸಾಹಿತ್ಯ ಪೂರ್ತಿ ವಾಟರ್ಸ್‌ದು, ಒಪ್ಪಿದೆ. ಆದರೆ ರಚನೆಕಾರರು ಅಂತ ಕವರ್ ಮೇಲೆ ಅಚ್ಚಾದ ಹೆಸರುಗಳನ್ನು ಎಣಿಸಿ. ವಾಟರ್ಸ್ ಹೆಸರು 7 ಟ್ರ್ಯಾಕ್‌ಗಳಲ್ಲಿದೆ. ಗಿಲ್ಮೋರ್ ಹೆಸರು 4ರಲ್ಲಿ. ರೈಟ್ ಹೆಸರು 5ರಲ್ಲಿ. ಹೌದು, ಗಿಲ್ಮೋರ್‌ಗಿಂತ ಒಂದು ಜಾಸ್ತಿ. 'ಬ್ರೀದ್', 'ಟೈಮ್', 'ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ', 'ಅಸ್ ಅಂಡ್ ದೆಮ್', 'ಎನಿ ಕಲರ್ ಯೂ ಲೈಕ್'. ಇಷ್ಟರಲ್ಲೂ ಅವನ ಕೈ ಇದೆ. ಜಗಳ ಆಡೋದಿದ್ದರೆ ಈ ಆಲ್ಬಮ್ ಮಟ್ಟಿಗಾದರೂ ವಾಟರ್ಸಾ ರೈಟಾ ಅಂತ ಆಡಬೇಕಿತ್ತು!

'ಅಸ್ ಅಂಡ್ ದೆಮ್' ಹಾಡಿನ ಕಥೆ ಕೇಳಿ. ಆಂಟೋನಿಯೋನಿ ಎಂಬ ಇಟಲಿಯ ದೊಡ್ಡ ನಿರ್ದೇಶಕ 'ಜಬ್ರಿಸ್ಕಿ ಪಾಯಿಂಟ್' ಸಿನಿಮಾಕ್ಕೆ ಸಂಗೀತ ಮಾಡಿಕೊಡಿ ಅಂತ ಫ್ಲಾಯ್ಡ್‌ಗೆ ಹೇಳಿದ್ದ. ಸಿನಿಮಾದ ಗಲಭೆ ದೃಶ್ಯಕ್ಕೆ ರೈಟ್ ಒಂದು ಮೆಲ್ಲನೆಯ ಪಿಯಾನೋ ತುಣುಕು ಕೊಟ್ಟ. ಹೊರಗೆ ಹೊಡೆದಾಟ, ಒಳಗೆ ಈ ಮೌನದಂಥ ಪಿಯಾನೋ. ನಿರ್ದೇಶಕ ಬೇಡ ಅಂದ. ಅದೇ ತುಣುಕು ಡಬ್ಬದಲ್ಲಿ ಬಿದ್ದಿದ್ದು, ಆಮೇಲೆ ವಾಟರ್ಸ್‌ನ ಯುದ್ಧವಿರೋಧಿ ಸಾಲುಗಳ ಕೆಳಗೆ ಬಂದು ಕೂತಿತು. ಅಂದರೆ ರಾಗ ಮೊದಲು ಹುಟ್ಟಿತು, ಮಾತು ಆಮೇಲೆ ಬಂತು. ಇನ್ನು 'ಬ್ರೀದ್'ನಲ್ಲಿ ಒಂದು ಕಾರ್ಡ್ ಬಂದು ಇಡೀ ಹಾಡಿನ ಬಣ್ಣವೇ ಬದಲಾಗುತ್ತಲ್ಲ, ಅದು ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ' ಆಲ್ಬಮ್ ಕೇಳಿ ತನಗೆ ಹೊಳೆದದ್ದು ಅಂತ ರೈಟೇ ಹೇಳಿದ್ದಾನೆ. ಜಾಜ್‌ನಿಂದ ಬಂದ ಆ ಬಣ್ಣ ಇಲ್ಲದೇ ಇದ್ದರೆ ಫ್ಲಾಯ್ಡ್ ಇನ್ನೊಂದು ಬ್ಲೂಸ್ ಬ್ಯಾಂಡ್ ಆಗಿರುತ್ತಿತ್ತು ಅನ್ನೋದು ನನ್ನ ಅಂಬೋಣ.

ಇನ್ನೂ ಹಿಂದೆ ಹೋಗಿ. 1971ರ 'ಮೆಡಲ್' ಆಲ್ಬಮ್‌ನ ಎರಡನೇ ಬದಿ ತುಂಬಾ ಒಂದೇ ಹಾಡು, 'ಎಕೋಸ್', 23 ನಿಮಿಷ ಚಿಲ್ಲರೆ. ಅದು ಶುರುವಾಗೋದು ಒಂದೇ ಒಂದು ಸ್ವರದಿಂದ. ರೈಟ್ ಪಿಯಾನೋದ ಒಂದು ಮನೆ ಒತ್ತಿದ. ಆ ಸದ್ದನ್ನು ಮೈಕ್ ಮೂಲಕ ಲೆಸ್ಲಿ ಅನ್ನೋ ತಿರುಗುವ ಸ್ಪೀಕರಿಗೆ ಬಿಟ್ಟರು. ಬಾವಿಗೆ ನೀರಿನ ಹನಿ ಬಿದ್ದ ಹಾಗೆ ಕೇಳಿಸಿತು. 23 ನಿಮಿಷದ ಕಟ್ಟಡಕ್ಕೆ ಅದೇ ಮೊದಲ ಕಲ್ಲು. 1975ರ 'ಶೈನ್ ಆನ್ ಯೂ ಕ್ರೇಜಿ ಡೈಮಂಡ್'ನಲ್ಲಿ ಗಿಲ್ಮೋರ್‌ನ ಆ ಪ್ರಸಿದ್ಧ ನಾಲ್ಕು ಸ್ವರ ಬರುವುದಕ್ಕೆ ಹೆಚ್ಚೂಕಡಿಮೆ ನಾಲ್ಕು ನಿಮಿಷ ಬೇಕು. ಅಲ್ಲಿಯ ತನಕ ನಿಮ್ಮನ್ನು ಹಿಡಿದು ಕೂರಿಸಿದ್ದು ಯಾವುದು? ಕೆಳಗೆ ಹಾಸಿದ ಸಿಂಥಸೈಜರ್. ಸಂಗೀತ ಕಛೇರಿಯಲ್ಲಿ ತಂಬೂರಿ ನಿಲ್ಲಿಸಿ ನೋಡಿ, ಆಗ ಗೊತ್ತಾಗುತ್ತೆ ಹಾಡುವವರು ಯಾವುದರ ಮೇಲೆ ನಿಂತಿದ್ದರು ಅಂತ.

ಈಗ ಎದುರು ಪಕ್ಷದ ಗಟ್ಟಿ ವಾದಕ್ಕೆ ಬರ್ತೀನಿ, ತಪ್ಪಿಸಿಕೊಳ್ಳೋದಿಲ್ಲ. ವಾಟರ್ಸ್ ಬಣದವರು ಹೇಳೋದು ಹೀಗೆ: "1977ರ 'ಅನಿಮಲ್ಸ್'ನಲ್ಲಿ ರೈಟ್‌ಗೆ ಒಂದೂ ರಚನೆ ಇಲ್ಲ. 1979ರ 'ದಿ ವಾಲ್'ನಲ್ಲೂ ಇಲ್ಲ. ಏನೂ ಕೊಡದವನನ್ನು ಬ್ಯಾಂಡಿನಿಂದ ತೆಗೆದರೆ ತಪ್ಪೇನು?" ನಿಜ, ಆ ಹೊತ್ತಿಗೆ ಅವನಿಂದ ಹೊಸದು ಬರುವುದು ಕಡಿಮೆಯಾಗಿತ್ತು. ಮನೆಯಲ್ಲಿ ಮದುವೆ ಮುರಿಯುತ್ತಿತ್ತು. ರೆಕಾರ್ಡ್ ಕಂಪನಿಗೆ ವರ್ಷ ಮುಗಿಯುವುದರೊಳಗೆ 'ದಿ ವಾಲ್' ಬೇಕಿತ್ತು, ರಜೆ ಮೊಟಕು ಮಾಡಿ ಬಾ ಅಂದರೆ ರೈಟ್ ಬರಲಿಲ್ಲ. ಇವನು ಹೋಗಲೇಬೇಕು ಅಂತ ವಾಟರ್ಸ್ ಪಟ್ಟು ಹಿಡಿದ. ಇವನು ಹೋದ.

ಆದರೆ ಒಂದು ಪ್ರಶ್ನೆ ಯಾರೂ ಕೇಳೋದಿಲ್ಲ. 1973ರಲ್ಲಿ 5 ಟ್ರ್ಯಾಕ್‌ಗೆ ಕೈ ಹಾಕಿದವನು 1977ರಲ್ಲಿ ಸೊನ್ನೆಗೆ ಬಂದದ್ದು ಹೇಗೆ? ನಾಲ್ಕು ವರ್ಷದಲ್ಲಿ ಬೆರಳು ಮರಗಟ್ಟಿತಾ? ಬದಲಾಗಿದ್ದು ಕೆಲಸ ಮಾಡುವ ವಿಧಾನ. 'ಎಕೋಸ್' ಹುಟ್ಟಿದ್ದು ನಾಲ್ಕೂ ಜನ ಸ್ಟುಡಿಯೋದಲ್ಲಿ ಕೂತು, ಏನೂ ಯೋಚಿಸದೆ ನುಡಿಸಿದ ತುಂಡುಗಳಿಂದ. ಆ ತುಂಡುಗಳಿಗೆ ಅವರು ಇಟ್ಟ ಹೆಸರೇ 'ನಥಿಂಗ್'. ಒಂದಲ್ಲ ಎರಡಲ್ಲ, 24 'ನಥಿಂಗ್'ಗಳು. 'ಡಾರ್ಕ್ ಸೈಡ್' ಅನ್ನು 1972ರ ಜನವರಿಯಲ್ಲೇ ಬ್ರೈಟನ್‌ನಲ್ಲಿ ಜನರ ಮುಂದೆ ನುಡಿಸಿದರು. ಅಬ್ಬೆ ರೋಡ್ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಶುರುವಾಗಿದ್ದು ಅದಾದ ತಿಂಗಳುಗಳ ಮೇಲೆ. ಅಂದರೆ ಹಾಡು ಊರೂರು ತಿರುಗಿ, ನಾಲ್ಕು ಜನರ ಕೈಯಲ್ಲಿ ಸವೆದು ನಯವಾಗಿತ್ತು. 'ದಿ ವಾಲ್' ಹಾಗೆ ಬರಲಿಲ್ಲ. ವಾಟರ್ಸ್ ಮನೆಯಲ್ಲೇ ಕೂತು ಇಡೀ ಕಥೆಯ ಡೆಮೋ ಮಾಡಿ ತಂದಿಟ್ಟ. ಮಿಕ್ಕವರು ಅದಕ್ಕೆ ತೇಪೆ ಹಾಕಬೇಕಿತ್ತು ಅಷ್ಟೇ.

ಇದು ನಿಮಗೆಲ್ಲೋ ನೋಡಿದ ಹಾಗೆ ಅನ್ನಿಸುತ್ತಿಲ್ಲವೇ? ಒಬ್ಬ ಪೂರ್ತಿ ಡೆಕ್ ರೆಡಿ ಮಾಡಿಕೊಂಡು ಮೀಟಿಂಗ್‌ಗೆ ಬರ್ತಾನೆ. ವೈಟ್‌ಬೋರ್ಡ್ ಮುಂದೆ ನಿಂತು, ಒಂದು ಗೆರೆ ಎಳೆದು, ಇನ್ನೊಬ್ಬ ಅಳಿಸಿ, ಮತ್ತೊಬ್ಬ ಸೇರಿಸಿ ಕೆಲಸ ಮಾಡುತ್ತಿದ್ದವನು ಆ ಮೀಟಿಂಗಲ್ಲಿ ಸುಮ್ಮನೆ ಕೂರ್ತಾನೆ. ಮೂರು ತಿಂಗಳಾದ ಮೇಲೆ ಅಪ್ರೈಸಲ್‌ನಲ್ಲಿ ಬರೆಯುತ್ತಾರೆ: ಕೊಡುಗೆ ಸಾಲದು. ಮೊದಲು ದಾರಿ ಮುಚ್ಚೋದು, ಆಮೇಲೆ ಯಾಕೆ ಬರಲಿಲ್ಲ ಅಂತ ಕೇಳೋದು. ರೈಟ್ ವಿಷಯದಲ್ಲಿ ಆದದ್ದು ಇದೇ ಅಂತ ನಾನು ವಾದಿಸ್ತೀನಿ.

ಆಮೇಲಿನ ತಮಾಷೆ ನೋಡಿ. ಬ್ಯಾಂಡಿನಿಂದ ತೆಗೆದರೂ 1980–81ರ 'ದಿ ವಾಲ್' ಶೋಗಳಿಗೆ ರೈಟ್ ಬೇಕೇ ಬೇಕಾಯಿತು. ಸಂಬಳಕ್ಕೆ ಇಟ್ಟುಕೊಂಡರು. ವೇದಿಕೆ ಮೇಲೆ ನಿಜವಾದ ಗೋಡೆ ಕಟ್ಟಿ ಕೆಡವುವ ಆ ಶೋಗಳು ದುಡ್ಡು ನುಂಗಿದವು. ನಷ್ಟ ಮಾಲೀಕರ ತಲೆ ಮೇಲೆ ಬಿತ್ತು. ಸಂಬಳದವನೊಬ್ಬನಿಗೆ ಮಾತ್ರ ಲಾಭ! ಅಭಿಮಾನಿಗಳು ಇದನ್ನು ಜೋಕ್ ಥರ ಹೇಳ್ಕೊಂಡು ನಗ್ತಾರೆ. ತಾನೇ ಕಟ್ಟಿದ ಮನೆಯಲ್ಲಿ ಬಾಡಿಗೆಗೆ ಕೂತವನ ಕಥೆಗೆ ನನಗಂತೂ ನಗು ಬರೋದಿಲ್ಲ.

ಗಿಲ್ಮೋರ್ ಬಣದವರು ಖುಷಿಪಡೋದು ಬೇಡ, ನಿಮ್ಮ ಕೈಯೂ ಶುದ್ಧವಿಲ್ಲ. ವಾಟರ್ಸ್ ಹೋದ ಮೇಲೆ 1987ರಲ್ಲಿ 'ಎ ಮೊಮೆಂಟರಿ ಲ್ಯಾಪ್ಸ್ ಆಫ್ ರೀಸನ್' ಬಂತು. ರೈಟ್ ವಾಪಸ್ ಬಂದ, ಆದರೆ ಮತ್ತೆ ಸಂಬಳಕ್ಕೇ. ಆಲ್ಬಮ್‌ನ ಫೋಟೋದಲ್ಲಿ ಗಿಲ್ಮೋರ್ ಮತ್ತು ಡ್ರಮ್ಮರ್ ನಿಕ್ ಮೇಸನ್ ಇಬ್ಬರೇ. ರೈಟ್ ಹೆಸರು ಬಾಡಿಗೆ ವಾದ್ಯಗಾರರ ಪಟ್ಟಿಯಲ್ಲಿ. 2019ರಲ್ಲಿ ಅದೇ ಆಲ್ಬಮ್ ಅನ್ನು ಹೊಸದಾಗಿ ಮಿಕ್ಸ್ ಮಾಡಿ ಹೊರತಂದಾಗ ಏನು ಮಾಡಿದರು ಗೊತ್ತಾ? ರೈಟ್ ನುಡಿಸಿದ ಕೀಬೋರ್ಡ್ ಭಾಗಗಳನ್ನು ಹುಡುಕಿ ಸೇರಿಸಿದರು. ಮೇಸನ್ ಕೈಲಿ ಡ್ರಮ್ಸ್ ಹೊಸದಾಗಿ ನುಡಿಸಿದರು. ಫ್ಲಾಯ್ಡ್ ಆಲ್ಬಮ್ ಫ್ಲಾಯ್ಡ್ ಥರ ಕೇಳಿಸಬೇಕಾದರೆ ಇವರು ಬೇಕು ಅಂತ ಬ್ಯಾಂಡಿನವರೇ ಒಪ್ಪಿಕೊಂಡ ಹಾಗಾಯಿತು. ಆ ಹೊತ್ತಿಗೆ ರೈಟ್ ತೀರಿಹೋಗಿ 11 ವರ್ಷ.

ಇದಕ್ಕೆಲ್ಲ ಮೂಲ ಕಾರಣ ಇಬ್ಬರು ದೊಡ್ಡ ಮನುಷ್ಯರ ಅಹಂಕಾರ ಅಂತ ಹೇಳಿ ಕೈ ತೊಳೆದುಕೊಳ್ಳಬಹುದು. ನನಗೆ ಅಷ್ಟು ಸಾಲದು. ಹಾಡು ಅಂದರೆ ಮಾತು ಮತ್ತು ಮಟ್ಟು ಅಂತ ಮೊದಲಿನಿಂದ ಲೆಕ್ಕ ಇಟ್ಟಿದ್ದೀವಿ. ಹಣವೂ ಆ ಲೆಕ್ಕದಲ್ಲೇ ಹಂಚಿಹೋಗುತ್ತೆ. ಸದ್ದು ಕಟ್ಟಿದವನು, ಬಣ್ಣ ತುಂಬಿದವನು, ಎಲ್ಲಿ ಸುಮ್ಮನಿರಬೇಕು ಅಂತ ಗೊತ್ತಿದ್ದವನು ಆ ಲೆಕ್ಕದ ಹೊರಗೆ. 'ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ' ನೋಡಿ. ರೈಟ್‌ನ ಪಿಯಾನೋ ಮೇಲೆ ಕ್ಲೇರ್ ಟೋರಿ ಅನ್ನೋ ಗಾಯಕಿ 1973ರ ಜನವರಿಯ ಒಂದು ಭಾನುವಾರ ಬಂದು, ಒಂದೇ ಒಂದು ಪದ ಇಲ್ಲದೆ ಹಾಡಿ ಹೋದಳು. ಕೂಲಿ 30 ಪೌಂಡ್. ಅಲ್ಲಿ ಯಾವ ಮಟ್ಟನ್ನೂ ಯಾರೂ ಬರೆದುಕೊಟ್ಟಿರಲಿಲ್ಲ. ಆ ಕೂಗು, ಆ ನಿಟ್ಟುಸಿರು ಅವಳೇ ಕಟ್ಟಿದ್ದು. 2004ರಲ್ಲಿ ಅವಳು ಕೋರ್ಟ್ ಮೆಟ್ಟಿಲು ಹತ್ತಿದಳು, 2005ರಲ್ಲಿ ರಾಜಿಯಾಯಿತು. ಈಗ ರಚನೆಕಾರರ ಜಾಗದಲ್ಲಿ ರೈಟ್ ಪಕ್ಕ ಅವಳ ಹೆಸರೂ ಇದೆ. ಒಂದು ಹೆಸರು ಸೇರಿಸುವುದಕ್ಕೆ 32 ವರ್ಷ! ಈ ಹಾಡಿನ ವಿಷಯದಲ್ಲಿ ಲಾಭ ಪಡೆದ ಕಡೆ ರೈಟೂ ಇದ್ದ ಅನ್ನೋದನ್ನು ನಾನು ಮುಚ್ಚಿಡೋದಿಲ್ಲ. ಲೆಕ್ಕದ ಪುಸ್ತಕವೇ ವಕ್ರ ಇದ್ದಾಗ ಇವತ್ತು ನಷ್ಟವಾದವನು ನಿನ್ನೆ ಲಾಭ ತಿಂದಿರುತ್ತಾನೆ.

"ಅಯ್ಯೋ ಬಿಡಿ, ಹಾಡು ಕೇಳೋಕೆ ಚೆನ್ನಾಗಿದ್ರೆ ಸಾಕು, ಯಾರು ಮಾಡಿದರೇನು" ಅನ್ನುವವರೂ ಇದ್ದಾರೆ. ಸರಿ ಸ್ವಾಮಿ, ಹಾಗಿದ್ದರೆ ವಾಟರ್ಸಾ ಗಿಲ್ಮೋರಾ ಅಂತಲೂ ಕೇಳಬೇಡಿ. ಇಬ್ಬರ ಹೆಸರಿಗೆ ಪ್ರಾಣ ಬಿಡೋದು, ಮೂರನೆಯವನ ಹೆಸರು ಬಂದ ಕೂಡಲೇ ಸಂಗೀತಕ್ಕೆ ಹೆಸರಿಲ್ಲ ಅನ್ನೋದು, ಇದು ಯಾವ ನ್ಯಾಯ?

ಪುರಾವೆ ನಿಮ್ಮ ಫೋನಿನಲ್ಲೇ ಇದೆ. ರೈಟ್ ಇಲ್ಲದೆ ಫ್ಲಾಯ್ಡ್ ಮಾಡಿದ ಆಲ್ಬಮ್, 1983ರ 'ದಿ ಫೈನಲ್ ಕಟ್', ಒಮ್ಮೆ ಕೇಳಿ. ಮಾತು ತುಂಬಿ ತುಳುಕುತ್ತೆ, ಉಸಿರಾಡೋಕೆ ಜಾಗ ಇಲ್ಲ. 2023ರಲ್ಲಿ ವಾಟರ್ಸ್ ಒಬ್ಬನೇ ಹೊಸದಾಗಿ ಮಾಡಿದ 'ಡಾರ್ಕ್ ಸೈಡ್' ಕೇಳಿ, ಹಳೆಯದರ ಪಕ್ಕ ಇಟ್ಟು ನೋಡಿ. 2002ರಲ್ಲಿ ಅವನು ನಮ್ಮ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದು ಹಾಡಿದ್ದನ್ನು ಇವತ್ತಿಗೂ ಹೇಳಿಕೊಂಡು ತಿರುಗುವವರಿಗೆ ಇದನ್ನು ವಿಶೇಷವಾಗಿ ಹೇಳ್ತಿದೀನಿ. ಗಿಲ್ಮೋರ್ ಕಡೆಯವರು 'ಎಕೋಸ್' ವಿಷಯ ನೆನಪಿಟ್ಟುಕೊಳ್ಳಿ. 2006ರಲ್ಲಿ ರೈಟ್ ಜೊತೆ ಅದನ್ನು ವೇದಿಕೆ ಮೇಲೆ ನುಡಿಸಿದವನು, 2008ರ ಸೆಪ್ಟೆಂಬರ್‌ನಲ್ಲಿ ರೈಟ್ ಸತ್ತ ಮೇಲೆ ಅವನಿಲ್ಲದೆ ಅದನ್ನು ನುಡಿಸೋಕೆ ಆಗೋದಿಲ್ಲ ಅಂದುಬಿಟ್ಟ. ಬೇರೆಯವರಿಗೆ ಕಲಿಸಿ ನುಡಿಸುವಂಥದ್ದಲ್ಲ ಅದು ಅಂತ. ನಿಮ್ಮ ದೇವರೇ ಹೇಳಿದ ಮೇಲೆ ನನ್ನದೇನು ವಾದ?

ಹಾಗಾಗಿ ಮುಂದಿನ ಸಲ ಈ ಜಗಳ ಶುರುವಾದಾಗ ನಾನು ಯಾವ ಪಕ್ಷವನ್ನೂ ಸೇರೋದಿಲ್ಲ. 'ಟೈಮ್' ಹಾಕಿ ಅಂತೀನಿ. ಗಿಲ್ಮೋರ್‌ನ ಒರಟು ದನಿ ಮುಗಿದು, ನಡುವೆ ಮೆತ್ತಗಿನ ಇನ್ನೊಂದು ದನಿ ಬರುತ್ತಲ್ಲ, ಇದು ಯಾರದು ಹೇಳಿ ಅಂತ ಕೇಳ್ತೀನಿ. ಉತ್ತರ ಗೊತ್ತಿಲ್ಲದವರು ಮೊದಲು ಹೋಗಿ ತಿಳಿದುಕೊಂಡು ಬರಲಿ. ಫ್ಲಾಯ್ಡ್ ಯಾರ ಸ್ವತ್ತು ಅಂತ ಆಮೇಲೆ ತೀರ್ಮಾನ ಮಾಡೋಣ.