ನಮ್ಮ ಹೊಲದ ಸಾರ ಪೇಟೆಗೆ ಹೋಯ್ತು, ವಾಪಸ್ ಕೊಂಡುಕೊಳ್ಳೋಣ

"ಸಿಟಿ ಕಸದ ಗೊಬ್ಬರಾನ ನಮ್ಮ ಹೊಲಕ್ಕಾ? ಥೂ!" ಅಂತ ಮೂಗು ಮುಚ್ಕೊಳ್ಳೋ ರೈತ ಬಂಧುಗಳಿಗೆ ಒಂದು ಪ್ರಶ್ನೆ. ಆ ಕಸ ಯಾರದ್ದು ಸ್ವಾಮಿ?

ಮೈಸೂರಿನ ಮನೆಗಳ ಹಸಿ ಕಸ ಅಂದ್ರೆ ಬಾಳೆಹಣ್ಣಿನ ಸಿಪ್ಪೆ, ಸೊಪ್ಪಿನ ದಂಟು, ಕೋಸಿನ ಎಲೆ, ಉಂಡು ಬಿಟ್ಟ ಅನ್ನ. ನಂಜನಗೂಡು, ಟಿ. ನರಸೀಪುರದಿಂದ ನಾವೇ ಲಾರಿ ತುಂಬಿ ಕಳಿಸಿದ್ದು. ಪ್ರತಿ ಲೋಡಿನ ಜೊತೆ ನಮ್ಮ ಮಣ್ಣಿನ ಸಾರಾನೂ ಹೋಗುತ್ತೆ. ಹಿಂದೆ ಮನೆ ಕಸ, ಕೊಟ್ಟಿಗೆ ಕಸ ತಿಪ್ಪೆಗೆ, ತಿಪ್ಪೆ ಹೊಲಕ್ಕೆ. ಈಗ ಕೊಟ್ಟಿಗೇಲಿ ದನ ಇಲ್ಲ, ತಿಪ್ಪೆ ಇಲ್ಲ, ಹೋದದ್ದು ವಾಪಸ್ ಬರ್ತಿಲ್ಲ.

ಕಸ ಬೇರ್ಪಡಿಸಿ ಕೊಟ್ಟರೆ ಮರುಬಳಕೆ ಮುಗೀತು ಅಂತ ಪೇಟೆಯವರು ತಿಳ್ಕೊಂಡಿದ್ದಾರೆ. ಮುಗಿಯಲ್ಲ. ಕೊಳ್ಳೋನು ಇಲ್ದಿದ್ರೆ ಗೊಬ್ಬರಾನೂ ಕಸಾನೇ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ದೇಶಕ್ಕೇ ಮೊದಲು ಬಂತು, ಸಂತೋಷ. ಅದೇ ಮೈಸೂರಿನ ವಿದ್ಯಾರಣ್ಯಪುರಂ ಸೀವೇಜ್ ಫಾರಂನಲ್ಲಿ ವರ್ಷಗಟ್ಟಲೆ ಕಸದ ಗುಡ್ಡ ಬೆಳೀತು. ಆ ಭಾಗದ ನೀರು ದಳವಾಯಿ ಕೆರೆ ಹಾದು ಕಪಿಲೆ ಕಡೆಗೇ ಇಳಿಯೋದು. ಗೊಬ್ಬರವಾಗಿ ನಾವು ತರಿಸಿಕೊಳ್ಳದೇ ಇದ್ದದ್ದು ಕೊಳಕು ನೀರಾಗಿ ನಮ್ಮ ಕಡೆಗೇ ಹರಿಯುತ್ತೆ.

"45 ಕೆಜಿ ಯೂರಿಯಾ ಚೀಲ 266 ರೂಪಾಯಿ ಚಿಲ್ಲರೆಗೆ ಸಿಗುವಾಗ ಇದ್ಯಾಕೆ?" ಅಂತೀರಾ. ನ್ಯಾಯವಾದ ಮಾತು, ಲೆಕ್ಕ ಹಾಕೋಣ. ಯೂರಿಯಾದಲ್ಲಿ ಶೇ 46 ಸಾರಜನಕ, ಅಂದ್ರೆ ಚೀಲಕ್ಕೆ 20 ಕೆಜಿ ಮೇಲೆ. ಕಸದ ಗೊಬ್ಬರದಲ್ಲಿ ನೂರಕ್ಕೆ ಒಂದರ ಆಸುಪಾಸು. ಸಾರಜನಕಕ್ಕೋಸ್ಕರ ಇದನ್ನ ಕೊಳ್ಳಲೇಬೇಡಿ. ಕೊಳ್ಳಬೇಕಾದ್ದು ಇಂಗಾಲಕ್ಕೆ. ಸರ್ಕಾರದ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಇದರಲ್ಲಿ ಸಾವಯವ ಇಂಗಾಲ ಶೇ 12ಕ್ಕಿಂತ ಕಡಿಮೆ ಇರಬಾರದು. ಟನ್ನಿಗೆ 120 ಕೆಜಿ ಆಯ್ತು. ಮಣ್ಣು ನೀರು ಹಿಡಿಯೋದು, ಬೇರಿಗೆ ಗಾಳಿ ಸಿಗೋದು, ಹಾಕಿದ ಯೂರಿಯಾ ಕೊಚ್ಚಿ ಹೋಗದೆ ನಿಲ್ಲೋದು ಅದರಿಂದಲೇ. ಬೋರ್‌ವೆಲ್ ನಂಬಿದ ಕೆಂಪು ಮಣ್ಣಿಗೂ ಬೇಕು, ಭತ್ತದ ಮೇಲೆ ಭತ್ತ ಹಾಕಿ ಗಟ್ಟಿಯಾದ ನಾಲೆ ಬಯಲಿಗೂ ಬೇಕು.

ಇನ್ನು ಗಾಜಿನ ಚೂರಿನ ಭಯ. ಅದು ಸುಳ್ಳಲ್ಲ. ದಲ್ಲಾಳಿಯೊಬ್ಬ ನನ್ನ ಹೊಲಕ್ಕೆ ತಂದ ಲೋಡಿನಲ್ಲಿ ಗಾಜು, ಶಾಂಪೂ ಪಾಕೀಟು ಎರಡೂ ಇದ್ವು. ಇಳಿಸೋಕೇ ಬಿಡಲಿಲ್ಲ, ಬಂದ ದಾರಿಗೇ ಕಳಿಸ್ದೆ. ಆಮೇಲೆ ಬೇರೆ ಕಡೆಯಿಂದ ಜರಡಿ ಹಿಡಿದ ಮಾಲು ತರಿಸಿ ಬಾಳೆಗೆ ಹಾಕ್ದೆ. ಕಳಪೆ ಬೀಜ ಬಂತು ಅಂತ ಬಿತ್ತೋದು ಬಿಟ್ಟಿದ್ದೀವಾ? ಕೆಟ್ಟ ಲಾರಿ ವಾಪಸ್ ಕಳಿಸಿ, ಗೊಬ್ಬರಾನೇ ಬೇಡ ಅನ್ನಬೇಡಿ.

ಕೊಳ್ಳುವಾಗ ಕಾನೂನು ನಮ್ಮ ಕೈಲಿದೆ. ಅದೇ ಆದೇಶದ ಪ್ರಕಾರ ಗೊಬ್ಬರದ ಶೇ 90 ಭಾಗ 4 ಮಿ.ಮೀ. ಜರಡಿಯಲ್ಲಿ ಇಳಿಯಬೇಕು. ಕೆಜಿಗೆ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಬಾರದು. ಜರಡಿ ಪರೀಕ್ಷೆ ಲಾರಿ ಹತ್ರಾನೇ ಮಾಡಬಹುದು. ಸೀಸ, ಕ್ಯಾಡ್ಮಿಯಂ ಕಣ್ಣಿಗೆ ಕಾಣಲ್ಲ, ಲ್ಯಾಬ್ ವರದಿ ಕೇಳಿ. ವರದಿ ಇಲ್ವಾ, ದುಡ್ಡೂ ಇಲ್ಲ.

2016ರಲ್ಲಿ ಕೇಂದ್ರ ಸರ್ಕಾರ ಈ ಗೊಬ್ಬರಕ್ಕೆ ಟನ್ನಿಗೆ 1500 ರೂಪಾಯಿ ನೆರವು ಘೋಷಿಸ್ತು. ರಸಗೊಬ್ಬರ ಕಂಪನಿಗಳು ತಮ್ಮ ಮಾಲಿನ ಜೊತೆ ಇದನ್ನೂ ಮಾರಬೇಕು ಅಂತಲೂ ಹೇಳ್ತು. ನಮ್ಮ ಹೋಬಳಿ ಅಂಗಡಿಗಳಲ್ಲಿ ಎಷ್ಟು ಜನ ಇದನ್ನ ಕೇಳಿದ್ದೀವಿ? ಯೂರಿಯಾಕ್ಕೆ ಸರದಿ ನಿಲ್ತೀವಿ, ಇದರ ಹೆಸರೂ ಎತ್ತಲ್ಲ. ಕೇಳದ ಮಾಲನ್ನ ಯಾವ ಅಂಗಡಿಯವನು ತಂದಿಡ್ತಾನೆ? ಗಿರಾಕಿ ಇಲ್ಲದಿದ್ರೆ ಪಾಲಿಕೆ ಯಾಕೆ ಚೆನ್ನಾಗಿ ಜರಡಿ ಹಿಡಿಯುತ್ತೆ? ಗೊಬ್ಬರ ಶುದ್ಧ ಆಗಬೇಕಾದ್ರೆ ಹಠ ಹಿಡಿದು ಕೇಳೋ ಗಿರಾಕಿ ಬೇಕು. ಆ ಗಿರಾಕಿ ನಾವೇ ಆಗಬೇಕು.

ಈ ಸಲ ಹೀಗೆ ಮಾಡಿ. ಎಂಟತ್ತು ಜನ ಸೇರಿ ಒಂದು ಲಾರಿ ತರಿಸಿ, ಒಬ್ಬರ ಕೈಗೆ ಜರಡಿ ಕೊಡಿ. ಮೊದಲ ವರ್ಷ ಅರ್ಧ ಎಕರೆಗೆ ಮಾತ್ರ ಹಾಕಿ, ಪಕ್ಕದ ಅರ್ಧ ಎಕರೆ ಹಾಗೇ ಬಿಡಿ. ಹಾಕೋ ಮುಂಚೆ ಒಂದು ಸಲ, ಬೆಳೆ ಕುಯ್ದ ಮೇಲೆ ಒಂದು ಸಲ, ಎರಡೂ ಕಡೆ ಮಣ್ಣನ್ನ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ, ಇಂಗಾಲದ ಅಂಕಿ ಬರೆದಿಟ್ಕೊಳ್ಳಿ. ನನ್ನ ಮಾತು ನಂಬಬೇಡಿ, ಆ ಅಂಕಿ ನಂಬಿ.