ಬೆರಳಚ್ಚಿನ ಯಂತ್ರ ‘ಇಲ್ಲ’ ಎಂದಾಗ

ತೆಕ್ಕಲಕೋಟೆಯ ಸುತ್ತಿನ ಗದ್ದೆಗಳಲ್ಲಿ ವರ್ಷಗಟ್ಟಲೆ ಭತ್ತದ ನಾಟಿ ಮಾಡಿದವರ ಬೆರಳಿನ ಗೆರೆಗಳು ಸವೆದಿದ್ದರೆ ಆಶ್ಚರ್ಯವಿಲ್ಲ. ಅಂಥ ಬೆರಳನ್ನು ನ್ಯಾಯಬೆಲೆ ಅಂಗಡಿಯ ಸಾಧನದ ಗಾಜಿನ ಮೇಲೆ ಒತ್ತಿದಾಗ ಏನು ನಡೆಯುವುದೆಂಬುದನ್ನು ವಿದ್ಯಾರ್ಥಿಗಳು ತಿಳಿದಿರುವುದು ಒಳ್ಳೆಯದು. ಒಂದು ಕುಟುಂಬದ ತಿಂಗಳ ಅಕ್ಕಿ ಆ ಕೆಲವು ಕ್ಷಣಗಳನ್ನು ಅವಲಂಬಿಸಿದೆ.

ಸಾಧನದೊಳಗಿನ ಚಿಪ್‌ನಲ್ಲಿಯೇ ನೆಲೆಸಿ ಅದನ್ನು ನಡೆಸುವ ಪ್ರೋಗ್ರಾಮಿಗೆ ಫರ್ಮ್‌ವೇರ್ ಎಂದು ಹೆಸರು. ಆಪರೇಟಿಂಗ್ ಸಿಸ್ಟಮ್ಮಿನ ಪರವಾಗಿ ಅದರೊಡನೆ ಮಾತನಾಡುವುದು ಡ್ರೈವರ್. ಆಧಾರ್ ಪ್ರಾಧಿಕಾರವು ಇಂಥ ಸಾಧನಗಳನ್ನು ಎರಡು ಮಟ್ಟಗಳಾಗಿ ವಿಂಗಡಿಸಿದೆ. ಎಲ್-0 ಮಟ್ಟದಲ್ಲಿ ಅಚ್ಚಿಗೆ ಮೊಹರು ಬೀಳುವುದು ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮಿನ ವಲಯದಲ್ಲಿ. ಆದುದರಿಂದ ಕಂಪ್ಯೂಟರನ್ನು ವಶಪಡಿಸಿಕೊಂಡವನು ಕದ್ದ ಅಚ್ಚನ್ನು ನಡುವೆ ತುರುಕಲು ಅವಕಾಶವುಂಟು. ಎಲ್-1 ಮಟ್ಟದಲ್ಲಾದರೋ ಮೊಹರಿನ ಕೆಲಸವೆಲ್ಲ ಸಾಧನದ ಸುರಕ್ಷಿತ ಕೋಣೆಯೊಳಗೇ ಮುಗಿಯುವುದು. ಅಚ್ಚು ಮತ್ತು ಅದನ್ನು ತೆಗೆದ ಸಮಯ ಇವೆರಡನ್ನೂ 256 ಬಿಟ್‌ಗಳ ಕೀಲಿಯಿಂದ ಬಂಧಿಸಿ, ಆ ಕೀಲಿಯನ್ನು ಪ್ರಾಧಿಕಾರದ 2048 ಬಿಟ್‌ಗಳ ಸಾರ್ವಜನಿಕ ಕೀಲಿಯಿಂದ ಮತ್ತೆ ಬಂಧಿಸುವರು. ಡ್ರೈವರ್ ‘ಅಚ್ಚು ತೆಗೆ’ ಎಂದು ಕೇಳುವುದು. ಪ್ರತಿಯಾಗಿ ಅದಕ್ಕೆ ದೊರೆಯುವುದು ಒಂದು ಮುಚ್ಚಿದ ಲಕೋಟೆ, ಇಲ್ಲವೆ ಒಂದು ದೋಷಸಂಖ್ಯೆ. ಖಜಾನೆಯ ಲಕೋಟೆ ಹೊರುವ ಜವಾನನಂತೆ ಅದು ಒಳಗೇನಿದೆಯೆಂಬುದನ್ನು ಅರಿಯದು. 2021ರಲ್ಲಿ ಬಂದ ವಿಂಡೋಸ್ 11 ಕಡ್ಡಾಯಗೊಳಿಸಿದ ಟಿಪಿಎಂ ಕೂಡ, ಎಷ್ಟೋ ಕಂಪ್ಯೂಟರುಗಳಲ್ಲಿ, ಹೀಗೆಯೇ ಫರ್ಮ್‌ವೇರಿನಲ್ಲಿ ಅಡಗಿರುವುದು.

ಕಾವಲು ಒಳಕ್ಕೆ ಸರಿದದ್ದು ಯುಕ್ತವೇ. (ಆದರೆ ಮೊಹರು ಅಚ್ಚು ಯಾವ ಸಾಧನದಿಂದ ಬಂದಿತೆಂದು ಹೇಳುವುದೇ ಹೊರತು, ಒತ್ತಿದ್ದು ಜೀವಂತ ಬೆರಳೋ ರಬ್ಬರಿನ ನಕಲೋ ಎಂಬುದನ್ನು ಹೇಳಲಾರದು, ಅದಕ್ಕೆ ಬೇರೆ ಪರೀಕ್ಷೆ ಬೇಕು.) ನನ್ನ ಆಕ್ಷೇಪ ಆ ದೋಷಸಂಖ್ಯೆಯನ್ನು ಕುರಿತದ್ದು.

ಬೆರಳು ಸರಿಯಾಗಿ ಮೂಡದಿರಬಹುದು; ಸಾಧನದ ಪ್ರಮಾಣಪತ್ರದ ಅವಧಿ ತೀರಿರಬಹುದು; ಜಾಲಸಂಪರ್ಕ ಕಡಿದಿರಬಹುದು; ಎಲ್ಲವೂ ಸರಿಯಿದ್ದು, ದೂರದ ಸಂಗ್ರಹದಲ್ಲಿರುವ ಅಚ್ಚಿನೊಡನೆ ಹೊಂದದಿರಬಹುದು. ಕಾರಣಗಳು ಬೇರೆ, ಪರಿಹಾರಗಳೂ ಬೇರೆ. ಮೊದಲನೆಯದಕ್ಕೆ ಕೈ ಒರೆಸಿಕೊಂಡರೆ ಸಾಕು, ಎರಡನೆಯದು ಅಂಗಡಿಯವನ ಹೊಣೆ, ಮೂರನೆಯದಕ್ಕೆ ಕಾಯಬೇಕು, ಕೊನೆಯದಕ್ಕೆ ಕಣ್ಣಿನ ಪಾಪೆಯ ಪರೀಕ್ಷೆಯೋ ಓಟಿಪಿಯೋ ಬೇಕು. ಸರದಿಯಲ್ಲಿ ನಿಂತವಳಿಗೆ ಮಾತ್ರ ಎಷ್ಟೋ ವೇಳೆ ಕೇಳಿಬರುವುದು ‘ಸರ್ವರ್ ಇಲ್ಲ, ನಾಳೆ ಬಾ’ ಎಂಬ ಒಂದೇ ಉತ್ತರ. ನಾಳೆಯೆಂದರೆ ಅವಳಿಗೆ ಇನ್ನೊಂದು ದಿನದ ಕೂಲಿಯ ನಷ್ಟ.

ದೋಷದ ವಿವರ ಕೊಟ್ಟರೆ ಕಳ್ಳನಿಗೆ ಅನುಕೂಲವೆಂದು ಭದ್ರತಾ ತಜ್ಞರು ಹೇಳುವುದುಂಟು. ಕೀಲಿಗೆ ಸಂಬಂಧಿಸಿದ ದೋಷಗಳಲ್ಲಿ ಈ ಮಾತು ದಿಟ. ‘ಬೆರಳು ಒಣಗಿದೆ’, ‘ಸಂಪರ್ಕವಿಲ್ಲ’ ಎಂಬುದನ್ನು ಕೇಳಿ ಯಾವ ಕಳ್ಳನು ಏನು ಗಳಿಸಿಯಾನು? ಫರ್ಮ್‌ವೇರ್ ತನ್ನ ಕೀಲಿಯನ್ನು ಬಚ್ಚಿಡಲಿ. ನಿರಾಕರಣೆಯ ಕಾರಣವನ್ನು ಬಚ್ಚಿಡುವ ಹಕ್ಕು ಅದಕ್ಕಾಗಲಿ, ಅದರ ಮುಂದಿನ ಪ್ರೋಗ್ರಾಮುಗಳಿಗಾಗಲಿ ಇರಕೂಡದು. ತಾರೀಖು, ದೋಷಸಂಖ್ಯೆ, ತಿಳಿಗನ್ನಡದಲ್ಲಿ ಕಾರಣ ಇವಿಷ್ಟನ್ನು ಅಚ್ಚೊತ್ತಿದ ಒಂದು ಚೀಟಿ ಅವಳ ಕೈಗೆ ಬರಬೇಕು. ಅದನ್ನು ಹಿಡಿದು ಅವಳು ಸಿರುಗುಪ್ಪದ ತಾಲ್ಲೂಕು ಕಚೇರಿಯಲ್ಲಿ ಕೇಳಬಲ್ಲಳು.