ಪೇಟಿಯ ಹೊಸ ಅನುಕೂಲ, ಹಳೆಯ ಗಾಂಧಾರ

ಹಾರ್ಮೋನಿಯಮ್ಮನ್ನು ದೂರುವುದು ನಮ್ಮ ಸಂಗೀತಲೋಕದ ಹಳೆಯ ಚಾಳಿ. ಅದು ಪರದೇಶದ ವಾದ್ಯ, ಅದರಲ್ಲಿ ಮೀಂಡ್ ಬಾರದು, ಶ್ರುತಿಗಳು ಸಿಗವು ಎಂಬ ಆರೋಪಗಳನ್ನು ಕೇಳುತ್ತ ಮೂರು ನಾಲ್ಕು ತಲೆಮಾರುಗಳು ಕಳೆದಿವೆ. ಆಲ್ ಇಂಡಿಯಾ ರೇಡಿಯೊ 1940ರಲ್ಲಿ ಅದನ್ನು ತನ್ನ ಕೇಂದ್ರಗಳಿಂದ ಹೊರಗಿಟ್ಟಿತು; ಬಾಗಿಲು ಅರೆಬರೆಯಾಗಿ ತೆರೆಯುವ ಹೊತ್ತಿಗೆ 1970ರ ದಶಕ ಬಂದಿತ್ತು. ಆದರೆ ಬಾನುಲಿ ಬೇಡವೆಂದ ವಾದ್ಯವನ್ನು ಗಾಯಕರು ಬಿಡಲಿಲ್ಲ. ಪುಣೆಯಲ್ಲಿ ಅಪ್ಪಾ ಜಳಗಾಂವಕರ್, ಬೆಳಗಾವಿಯಲ್ಲಿ ರಾಮಭಾವು ಬಿಜಾಪುರೆ ಅಂಥವರ ಬೆರಳುಗಳು ಆ ವಾದಕ್ಕೆ ಉತ್ತರ ಕೊಟ್ಟು ಮುಗಿಸಿವೆ. ಹಾರ್ಮೋನಿಯಂ ಬೇಕೇ ಬೇಡವೇ ಎಂಬುದು ಈಗ ಪ್ರಶ್ನೆಯೇ ಅಲ್ಲ. ಯಾವ ಹಾರ್ಮೋನಿಯಂ ಎಂಬುದು ಪ್ರಶ್ನೆ. ಅದನ್ನು ನಾವು ಯಾರೂ ಕೇಳುತ್ತಿಲ್ಲ.

ಪುಣೆಯ ಕನ್ನಡ ಕುಟುಂಬಗಳಲ್ಲಿ ಮಕ್ಕಳನ್ನು ಸಂಗೀತಕ್ಕೆ ಸೇರಿಸುವುದು ವಾಡಿಕೆ. ಗದಗಿನ ಭೀಮಸೇನ ಜೋಶಿಯವರು ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ನೆನಪಿಗಾಗಿ 1953ರಲ್ಲಿ ಉತ್ಸವ ಆರಂಭಿಸಿದ ಊರು ಇದು. ಇಲ್ಲಿ ಹಿಂದೂಸ್ತಾನಿ ಕಲಿಯುವುದೆಂದರೆ ತವರಿನ ಒಂದು ಎಳೆಯನ್ನು ಹಿಡಿದುಕೊಂಡಂತೆ ಎಂದು ನಮ್ಮಲ್ಲಿ ಹಲವರು ಭಾವಿಸುತ್ತಾರೆ. ಮಗು ಸಂಗೀತಕ್ಕೆ ಸೇರಿದ ಮೇಲೆ ಮನೆಗೆ ಪೇಟಿ ಬರುತ್ತದೆ. ಅಂಗಡಿಯಲ್ಲಿ ಮೊದಲು ತೋರಿಸುವುದು ಸ್ಕೇಲ್ ಚೇಂಜರ್. ಮನೆಯಲ್ಲಿ ಅಜ್ಜನ ಕಾಲದ ಪೇಟಿಯೊಂದಿದ್ದರೆ ಅದನ್ನು ಕೊಟ್ಟು ಹೊಸದನ್ನು ಒಯ್ಯಿರಿ ಎಂಬ ಸಲಹೆಯೂ ಬರುತ್ತದೆ. ಹಳೆಯದು ಹಳೆಯದೆಂಬ ಕಾರಣಕ್ಕೇ ಕೆಳಗಿನದು, ಹೊಸದು ಅದರ ಸುಧಾರಿತ ರೂಪ ಎಂದು ಎಲ್ಲರೂ ನಂಬಿದ್ದೇವೆ. ಈ ನಂಬಿಕೆ ಸರಿಯಲ್ಲ ಎಂಬುದು ನನ್ನ ವಾದ. ಒಂದೇ ಹೆಸರಿನಲ್ಲಿ ಕರೆಯಲ್ಪಡುವ ಈ ಎರಡು ಪೆಟ್ಟಿಗೆಗಳು ಎರಡು ಬೇರೆ ಉದ್ದೇಶಗಳಿಗಾಗಿ ಹುಟ್ಟಿದವು. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ವಾದ್ಯದ ರೂಪಾಂತರಗಳನ್ನು ಸ್ವಲ್ಪ ಹಿಂದಿನಿಂದ ನೋಡಬೇಕು. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆನ್ 1840ರ ದಶಕದ ಆರಂಭದಲ್ಲಿ ಹಾರ್ಮೋನಿಯಂ ಎಂಬ ಹೆಸರಿಗೆ ಹಕ್ಕುಪತ್ರ ಪಡೆದಾಗ ಅದು ಕುರ್ಚಿಯ ಮೇಲೆ ಕುಳಿತು ಕಾಲಿನಿಂದ ತಿದಿಯೊತ್ತುವ, ಎರಡು ಕೈಗಳಿಂದ ನುಡಿಸುವ ವಾದ್ಯವಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ತಿದಿಯನ್ನು ಪೆಟ್ಟಿಗೆಯ ಬೆನ್ನಿಗೆ ತಂದು ನೆಲದ ಮೇಲೆ ಕುಳಿತು ನುಡಿಸುವಂತೆ ಮಾಡಿದರು. ಎಡಗೈ ಗಾಳಿಗೆ, ಬಲಗೈ ಸ್ವರಕ್ಕೆ ಎಂಬ ಹಂಚಿಕೆ ಆಗ ಬಂತು. ಪಾಶ್ಚಾತ್ಯ ಸಂಗೀತದ ದೃಷ್ಟಿಯಿಂದ ಇದು ಒಂದು ಕೈಯ ನಷ್ಟ. ಒಂದೇ ಎಳೆಯ ರಾಗಸಂಚಾರವುಳ್ಳ ನಮ್ಮ ಸಂಗೀತಕ್ಕೆ ಅದು ನಷ್ಟವಾಗಲಿಲ್ಲ. ಗಾಳಿ ಕೈಗೆ ಬಂದದ್ದರಿಂದ ಸ್ವರವನ್ನು ಉಬ್ಬಿಸುವ, ಇಳಿಸುವ, ಉಸಿರಿನಂತೆ ಕತ್ತರಿಸುವ ಸೂಕ್ಷ್ಮವೂ ಕೈಗೆ ಬಂತು.

ಹಾಗೆಂದು ಕಾಲುಪೇಟಿ ಮರೆಯಾಗಲಿಲ್ಲ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ಶಾಕುಂತಲವನ್ನು ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ದಾರಿ ಹಾಕಿದರು. ಆ ಪರಂಪರೆಯಲ್ಲಿ ಮುಂದೆ ಪಾಯಪೇಟಿ, ಆರ್ಗನ್‌ಗಳು ಬೇರೂರಿದವು. ಇತ್ತ ಗುಬ್ಬಿ ಕಂಪನಿಯಿಂದ ಏಣಗಿ ಬಾಳಪ್ಪನವರ ಕಲಾವೈಭವದವರೆಗಿನ ಕನ್ನಡ ವೃತ್ತಿರಂಗಭೂಮಿಯಲ್ಲಿ ಲೆಗ್ ಹಾರ್ಮೋನಿಯಂ ಮಾಸ್ತರರಿಲ್ಲದೆ ಪರದೆ ಮೇಲೇಳುತ್ತಿರಲಿಲ್ಲ. ಧ್ವನಿವರ್ಧಕವಿಲ್ಲದ ತಂಬುಗಳಲ್ಲಿ ಹಿಂದಿನ ಸಾಲಿನವರೆಗೆ ನಾದ ಮುಟ್ಟಬೇಕಿತ್ತು. ಎರಡು ಕಾಲುಗಳು ಸರದಿಯಂತೆ ತುಳಿಯುವಾಗ ಗಾಳಿಯ ಧಾರೆ ಕಡಿಯದು. ಬಿಡುವಾದ ಎರಡು ಕೈಗಳು ಎರಡು ಸಪ್ತಕಗಳನ್ನು ಒಟ್ಟಿಗೆ ನುಡಿಸಬಲ್ಲವು. ಆ ವಾದ್ಯದ ರಚನೆಯನ್ನು ನಿರ್ಧರಿಸಿದ್ದು ರಂಗಭೂಮಿಯ ಅಗತ್ಯ. ಮೈಕು ಬಂದ ಮೇಲೆ ಆ ಅಗತ್ಯ ತಗ್ಗಿತು, ವಾದ್ಯವೂ ಮೂಲೆ ಸೇರಿತು. ಇದರಲ್ಲಿ ಅನ್ಯಾಯವೇನೂ ಇಲ್ಲ. ಅಗತ್ಯ ಹೋದಾಗ ರಚನೆ ಹೋಗುವುದು ಸಹಜ. ಆದರೆ ಸ್ಕೇಲ್ ಚೇಂಜರಿನ ಮುಂದೆ ಹಳೆಯ ಕೈಪೇಟಿ ಹಿಂದೆ ಸರಿಯುತ್ತಿರುವುದು ಈ ಬಗೆಯದಲ್ಲ. ಅಲ್ಲಿ ಅಗತ್ಯ ಹಾಗೆಯೇ ಉಳಿದಿದೆ, ರಚನೆ ಮಾತ್ರ ಹೋಗುತ್ತಿದೆ.

ಹಳೆಯ ಕೈಪೇಟಿಯ ಒಳಗು ಸರಳ. ಬೆರಳಿಡುವ ಮನೆ ಒಂದು ಉದ್ದನೆಯ ಮರದ ಸನ್ನೆ. ಅದನ್ನು ಒತ್ತಿದರೆ ಅದರದೇ ಇನ್ನೊಂದು ತುದಿ ಮೇಲೆದ್ದು ಗಾಳಿಯ ಕಂಡಿಯನ್ನು ತೆರೆಯುತ್ತದೆ. ಕೆಳಗಿನ ಹಿತ್ತಾಳೆಯ ನಾಲಗೆ ಕಂಪಿಸುತ್ತದೆ. ಈ ನಾಲಗೆಗಳನ್ನೇ ರೀಡ್ ಎನ್ನುತ್ತೇವೆ. ಪ್ಯಾರಿಸ್ ರೀಡು, ಜರ್ಮನ್ ರೀಡು, ಗುಜರಾತಿನ ಪಾಲಿತಾಣಾ ರೀಡು ಎಂದು ಅವುಗಳ ಕುಲಗೋತ್ರಗಳನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ನಾಲಗೆಯ ತುದಿಯನ್ನು ಅರದಿಂದ ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಪೇಟಿಯನ್ನು ಶ್ರುತಿಗೂಡಿಸುವುದೆಂದರೆ ಈ ಕೂದಲೆಳೆಯಷ್ಟು ಕೆರೆತ. ಹೇಗೆ ಕೆರೆಯಬೇಕು, ಯಾವ ಗುರಿಗೆ ತರಬೇಕು ಎಂಬುದರಲ್ಲಿಯೇ ಎರಡು ಪಂಥಗಳಿವೆ.

ಇಲ್ಲಿ ಸ್ವಲ್ಪ ಲೆಕ್ಕ ಅನಿವಾರ್ಯ. ಒಂದು ಸಪ್ತಕವನ್ನು 1200 ಸೆಂಟ್‌ಗಳೆಂದು ಅಳೆಯುತ್ತಾರೆ. ಅದನ್ನು 12 ಸಮಪಾಲು ಮಾಡಿ ಪ್ರತಿ ಮನೆಗೆ 100ರಂತೆ ಹಂಚಿದರೆ ಪಿಯಾನೋದ ಸಮಶ್ರುತಿ ಸಿಗುತ್ತದೆ. ಅದರಲ್ಲಿ ಶುದ್ಧ ಗಾಂಧಾರ 400ರಲ್ಲಿ ನಿಲ್ಲುತ್ತದೆ. ಆದರೆ ಚೆನ್ನಾಗಿ ಕೂಡಿಸಿದ ತಂಬೂರಿಯ ಖರಜದ ತಂತಿಯನ್ನು ಮೀಟಿ ಕಿವಿಗೊಟ್ಟರೆ ಯಾರೂ ಮೀಟದ ಗಾಂಧಾರವೊಂದು ತಾನಾಗಿ ಕೇಳುತ್ತದೆ. ಸ್ವಯಂಭೂ ಗಾಂಧಾರ ಎಂದು ನಮ್ಮವರು ಕೊಂಡಾಡುವುದು ಅದನ್ನೇ. ಅದರ ನೆಲೆ ಸುಮಾರು 386. ಈ 14 ಸೆಂಟ್‌ಗಳ ಅಂತರ ಕಾಗದದ ಮೇಲೆ ಅತ್ಯಲ್ಪ. ಯಮನದಲ್ಲಿಯೋ ಭೂಪದಲ್ಲಿಯೋ ಗಾಯಕ ಗಾಂಧಾರದ ಮೇಲೆ ನಿಂತಾಗ ಅದು ಅಲ್ಪವಲ್ಲ. ತಂಬೂರಿಯ ಗಾಂಧಾರವೂ ಪೇಟಿಯ ಗಾಂಧಾರವೂ ಒಂದನ್ನೊಂದು ತಿಕ್ಕಿ ನಾದ ಅಲೆಯಾಡುತ್ತದೆ. ಗಾಂಧಾರ ಟ್ಯೂನಿಂಗ್ ಎಂಬ ಹೆಸರಿನಲ್ಲಿ ಈ ಪ್ರಾಂತ್ಯದಲ್ಲಿ ರೂಢಿಯಲ್ಲಿರುವ ಪದ್ಧತಿ ಇದಕ್ಕೆ ಪರಿಹಾರ. ಒಬ್ಬ ಗಾಯಕನ ಷಡ್ಜವನ್ನು, ಪುಣೆಯ ಮಾತಿನಲ್ಲಿ ಹೇಳುವುದಾದರೆ ಕಾಳಿ ಎಕ್ ಅಥವಾ ಪಾಂಢರಿ ಚಾರ್ ಅನ್ನು, ಗಟ್ಟಿಮಾಡಿಕೊಂಡು ಉಳಿದ ಹನ್ನೊಂದು ಸ್ವರಗಳನ್ನು ಆ ಷಡ್ಜದೊಡನೆ ಸಂವಾದಿಸುವಂತೆ ಕಿವಿಯಿಂದ ಕೂಡಿಸುವುದು. ಹಾಗೆ ಕೂಡಿಸಿದ ಪೇಟಿ ತಂಬೂರಿಯೊಳಗೆ ಕರಗುತ್ತದೆ.

ಸ್ಕೇಲ್ ಚೇಂಜರಿನ ಜಾಣ್ಮೆ ಬೇರೆ ದಿಕ್ಕಿನದು. ಅದರಲ್ಲಿ ಮನೆಗಳ ಸಾಲು ಪೂರ್ತಿಯಾಗಿ ಒಂದು ಚೌಕಟ್ಟಿನಲ್ಲಿ ಕುಳಿತು, ಗುಂಡಿ ತಿರುಗಿಸಿದಾಗ ರೀಡುಗಳ ಮೇಲೆ ಎಡಕ್ಕೂ ಬಲಕ್ಕೂ ಸರಿಯುತ್ತದೆ. ಮನೆಗೂ ಗಾಳಿಕಂಡಿಗೂ ನಡುವೆ ಕಡ್ಡಿಗಳ ಇನ್ನೊಂದು ಪದರ ಇರುತ್ತದೆ. ಷಡ್ಜ ಯಾವುದಾದರೂ ವಾದಕನ ಬೆರಳು ಅದೇ ಮನೆಗಳಲ್ಲಿ ಓಡಬಹುದು. ಬೆಳಿಗ್ಗೆ ಹೆಣ್ಣುಮಕ್ಕಳ ವರ್ಗ, ಸಂಜೆ ಗಂಡಸರ ಭಜನೆ, ನಡುವೆ ದಾಸರಪದಗಳ ಸ್ಪರ್ಧೆ. ಎಲ್ಲಕ್ಕೂ ಒಂದೇ ಪೆಟ್ಟಿಗೆ ಸಾಕು. ಇದು ಸಣ್ಣ ಉಪಕಾರವಲ್ಲ. ಭಾಗಗಳು ಹೆಚ್ಚಿ ತೂಕ ಏರುತ್ತದೆ, ದುರಸ್ತಿ ತೊಡಕಾಗುತ್ತದೆ ಎಂಬುದನ್ನೂ ಆ ಉಪಕಾರಕ್ಕಾಗಿ ಸಹಿಸಬಹುದು.

ಸಹಿಸಲಾಗದ ಸಂಗತಿ ಒಂದೇ. ಸರಿಯುವ ಮನೆಗಳಿಗೂ ಗಾಂಧಾರ ಟ್ಯೂನಿಂಗಿಗೂ ಹೊಂದಾಣಿಕೆ ಸಾಧ್ಯವಿಲ್ಲ. ಬಿಳಿ 1ನ್ನು ಷಡ್ಜ ಮಾಡಿ ಕೂಡಿಸಿದ ಪೇಟಿ ಇದೆಯೆಂದುಕೊಳ್ಳಿ. ಅದರಲ್ಲಿ ರಿಷಭ 204ರಲ್ಲಿ, ಧೈವತ 884ರಲ್ಲಿ ಇವೆ. ಈಗ ಮನೆಗಳನ್ನು ಸರಿಸಿ ಬಿಳಿ 2ರ ರೀಡನ್ನು ಷಡ್ಜ ಮಾಡಿದರೆ ಹಿಂದಿನ ಧೈವತದ ರೀಡೇ ಹೊಸ ಪಂಚಮವಾಗುತ್ತದೆ. 884ರಲ್ಲಿ 204 ಕಳೆದರೆ 680. ಪಂಚಮ ಇರಬೇಕಾದದ್ದು 702ರಲ್ಲಿ. ಅಚಲವೆಂದು ನಾವು ಹೆಸರಿಟ್ಟ ಸ್ವರವೇ 22 ಸೆಂಟ್ ಕುಸಿಯಿತು. ಅದನ್ನು ಕೇಳಲು ಸಂಗೀತ ಕಲಿತಿರಬೇಕಾಗಿಲ್ಲ. ಹೀಗಾಗಿ ಸ್ಕೇಲ್ ಚೇಂಜರ್ ಸಮಶ್ರುತಿಯಲ್ಲಿರುವುದು ತಯಾರಕರ ಅಲಕ್ಷ್ಯವಲ್ಲ. ಅದು ಆ ರಚನೆಯ ಷರತ್ತು. ದೋಷವನ್ನು ಎಲ್ಲ ಮನೆಗಳಿಗೂ ಸಮನಾಗಿ ಹಂಚಿದಾಗ ಮಾತ್ರ ಮನೆಗಳು ಸರಿಯಬಲ್ಲವು. ಎಲ್ಲ ಷಡ್ಜಗಳಿಗೂ ಸಲ್ಲುವ ಪೇಟಿ ಯಾವ ಷಡ್ಜಕ್ಕೂ ಪೂರ್ತಿಯಾಗಿ ಸಲ್ಲುವುದಿಲ್ಲ.

ಅನುಕೂಲಕ್ಕೂ ನಾದಕ್ಕೂ ನಡುವಿನ ಈ ಇಕ್ಕಟ್ಟು ನಮ್ಮ ಪೇಟಿಗೆ ಮಾತ್ರ ಬಂದುದಲ್ಲ. ಅಮೆರಿಕದ ಹಳ್ಳಿಗಾಡಿನ ಸಂಗೀತದಲ್ಲಿ ಪೆಡಲ್ ಸ್ಟೀಲ್ ಗಿಟಾರ್ ಎಂಬ ವಾದ್ಯವಿದೆ. ಅದರಲ್ಲಿ ತಂತಿಗಳ ಸ್ಥಾಯಿಯನ್ನು ಕಾಲಿನ ಪೆಡಲುಗಳಿಂದಲೂ ಮೊಣಕಾಲಿನ ಸನ್ನೆಗಳಿಂದಲೂ ಬದಲಿಸುತ್ತಾರೆ. 1960ರ ದಶಕದ ಎಮನ್ಸ್ ಕಂಪನಿಯ ಪುಶ್-ಪುಲ್ ಮಾದರಿಯನ್ನು ಹೊಂದಿಸುವುದು ತ್ರಾಸದ ಕೆಲಸ. ನಂತರ ರೂಢಿಗೆ ಬಂದ ಆಲ್-ಪುಲ್ ಮಾದರಿಗಳಲ್ಲಿ ಆ ಕೆಲಸ ಸುಲಭವಾಯಿತು, ಒಂದೊಂದು ತಂತಿಗೆ ಹೆಚ್ಚು ಬದಲಾವಣೆಗಳೂ ಸಾಧ್ಯವಾದವು. ಆದರೂ ಹಳೆಯದರ ನಾದಕ್ಕಾಗಿ ಅದನ್ನು ಹುಡುಕಿ ಕೊಳ್ಳುವ ವಾದಕರು ಇಂದಿಗೂ ಇದ್ದಾರೆ. ಅವರು ಹೊಸದನ್ನು ತಿರಸ್ಕರಿಸಲಿಲ್ಲ. ಹಳೆಯದನ್ನು ಗುಜರಿಗೂ ಹಾಕಲಿಲ್ಲ. ನಮಗೆ ಬೇಕಾದದ್ದು ಇಷ್ಟೇ ವಿವೇಕ.

ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ತರುವ ಪ್ರಯತ್ನಗಳು ನಡೆದಿಲ್ಲವೆಂದಲ್ಲ. ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲರು ಮತ್ತು ಐಸಿಎಸ್ ಅಧಿಕಾರಿ ಅರ್ನೆಸ್ಟ್ ಕ್ಲೆಮೆಂಟ್ಸ್ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಸಪ್ತಕಕ್ಕೆ 12ಕ್ಕಿಂತ ಹೆಚ್ಚು ಸ್ವರಗಳುಳ್ಳ ಶ್ರುತಿ ಹಾರ್ಮೋನಿಯಮ್ಮನ್ನು ರೂಪಿಸಿದರು. ದೇವಲರ ಶ್ರುತಿಶೋಧಕ್ಕೆ ನೆರವಾದವರು ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು. 1916ರ ಬಡೋದೆಯ ಸಂಗೀತ ಸಮ್ಮೇಳನದಲ್ಲಿ ಈ ವಾದ್ಯ ಚರ್ಚೆಗೆ ಬಂತು, ಬಳಕೆಗೆ ಬರಲಿಲ್ಲ. ನಮ್ಮ ಕಾಲದಲ್ಲಿ ಡಾ. ವಿದ್ಯಾಧರ ಓಕ್ ಅವರು ಸಾ ಮತ್ತು ಪಗಳನ್ನು ಬಿಟ್ಟು ಉಳಿದ ಹತ್ತು ಮನೆಗಳಿಗೆ ಎರಡೆರಡು ಶ್ರುತಿಗಳನ್ನು ಜೋಡಿಸಿ, ರಾಗಕ್ಕೆ ತಕ್ಕದ್ದನ್ನು ಗುಂಡಿಯಿಂದ ಆರಿಸಿಕೊಳ್ಳುವ 22 ಶ್ರುತಿಗಳ ಪೇಟಿಯನ್ನು ತಂದಿದ್ದಾರೆ. ಇವು ಗೌರವಕ್ಕೆ ಅರ್ಹವಾದ ಸಾಧನೆಗಳು. ಆದರೆ ಸಾಮಾನ್ಯ ಮನೆಯ ಮಗುವಿಗೆ ಬೇಕಾದ ಪರಿಹಾರ ಅಷ್ಟು ಜಟಿಲವಾದದ್ದಲ್ಲ. ಮೂಲೆಯಲ್ಲಿರುವ ಅಜ್ಜನ ಪೇಟಿಯಲ್ಲಿಯೇ ಅದು ಇರಬಹುದು.

ಸಮಶ್ರುತಿಯ ಪೇಟಿಯಲ್ಲಿಯೇ ಶ್ರೇಷ್ಠರು ಶ್ರೇಷ್ಠವಾಗಿ ನುಡಿಸಿಲ್ಲವೇ ಎಂದು ಕೇಳಬಹುದು. ನುಡಿಸಿದ್ದಾರೆ. ಅವರು ತಂಬೂರಿಯಿಂದ ಕಿವಿ ತಿದ್ದಿಕೊಂಡವರು. ಗಾಂಧಾರದ ಮೇಲೆ ಎಷ್ಟು ಹೊತ್ತು ನಿಲ್ಲಬಾರದು, ಎಲ್ಲಿ ಗಾಳಿ ತಗ್ಗಿಸಿ ಗಾಯಕನಿಗೆ ದಾರಿ ಬಿಡಬೇಕು ಎಂಬುದನ್ನು ಬಲ್ಲವರು. ವಾದ್ಯದ ಕೊರತೆಯನ್ನು ಅವರ ಕಿವಿ ತುಂಬುತ್ತದೆ. ಏಳು ವರ್ಷದ ಮಗುವಿನ ವಿಷಯ ಹಾಗಲ್ಲ. ಅದಕ್ಕೆ ಪೇಟಿ ನೀಡುವ ಗಾಂಧಾರವೇ ಗಾಂಧಾರ. ದಿನವೂ ಅರ್ಧ ಗಂಟೆ 400ರ ಗಾಂಧಾರಕ್ಕೆ ದನಿ ಕೂಡಿಸಿದ ಕಂಠ ಮುಂದೆ ತಂಬೂರಿಯ ಮುಂದೆ ಕುಳಿತಾಗ ಕಲಿತದ್ದನ್ನು ಮರೆಯಬೇಕಾಗುತ್ತದೆ. ಯಾವ ತಂದೆತಾಯಿಯೂ ಹಣ ಕೊಟ್ಟು ಮಗುವಿಗೆ ಈ ಶ್ರಮವನ್ನು ಕೊಳ್ಳಬಾರದು.

ಹೊಸ ಪೇಟಿಯನ್ನು ಬಹಿಷ್ಕರಿಸಿ ಎಂದು ನಾನು ಹೇಳುತ್ತಿಲ್ಲ. ಬಹಿಷ್ಕಾರದ ಫಲವನ್ನು 1940ರ ನಂತರದ ಬಾನುಲಿಯಲ್ಲಿ ಕಂಡಿದ್ದೇವೆ. ಭಜನೆಗೆ, ಸಮೂಹಗಾನಕ್ಕೆ, ಹತ್ತು ಕಂಠಗಳು ಸರದಿಯಲ್ಲಿ ಹಾಡುವ ವೇದಿಕೆಗೆ ಸ್ಕೇಲ್ ಚೇಂಜರ್ ಇರಲಿ. ಒಬ್ಬರೇ ಒಂದು ಷಡ್ಜದಲ್ಲಿ ದಿನವೂ ಅಭ್ಯಾಸ ಮಾಡುವ ಮನೆಯಲ್ಲಿ ಸ್ಥಿರ ಪೇಟಿಯೇ ಯೋಗ್ಯ. ಮಗುವಿನ ದನಿ ಒಡೆಯುವವರೆಗೆ ಷಡ್ಜ ಸ್ಥಿರವಾಗದು ಎನ್ನುವವರಿಗೆ ತಂಬೂರಿ ಇದ್ದೇ ಇದೆ; ಅದಕ್ಕೆ ಹಾಡಲಿ, ಪೇಟಿಯನ್ನು ಪಾಠಾಂತರಕ್ಕೆ ಮಾತ್ರ ಮುಟ್ಟಲಿ. ಹಳೆಯ ಪೇಟಿಯನ್ನು ಬದಲಿಗೆ ಕೊಡುವ ಮೊದಲು ಅದರ ರೀಡುಗಳನ್ನು ಬಲ್ಲವರಿಗೆ ತೋರಿಸಿ. ತಿದಿಯ ಚರ್ಮ, ಬಟ್ಟೆ, ಸ್ಪ್ರಿಂಗುಗಳು ಹೊಸದಾಗಬಲ್ಲವು. ಒಳ್ಳೆಯ ಹಿತ್ತಾಳೆಯ ನಾಲಗೆಗಳು ಹಲವು ದಶಕ ಬಾಳುತ್ತವೆ.

ನಮ್ಮ ಸಂಘ, ಮಂಡಳಿಗಳಿಂದಲೂ ಒಂದು ಕೆಲಸ ಆಗಬೇಕು. ಸದಸ್ಯರ ಮನೆಗಳಲ್ಲಿ ಮೂಕವಾಗಿರುವ ಪೇಟಿಗಳನ್ನು ಕೂಡಿಸಿ, ಒಂದನ್ನು ಕಾಳಿ ಎಕ್‌ಗೆ, ಒಂದನ್ನು ಪಾಂಢರಿ ಚಾರ್‌ಗೆ, ಒಂದನ್ನು ಕಾಳಿ ಪಾಂಚ್‌ಗೆ ಗಾಂಧಾರ ಟ್ಯೂನಿಂಗ್ ಮಾಡಿಸಿ ಕಲಿಯುವವರಿಗೆ ಎರವಲು ಕೊಡುವ ವ್ಯವಸ್ಥೆ ಮಾಡಬಹುದು. ಪುಸ್ತಕಗಳಿಗೆ ಗ್ರಂಥಾಲಯ ನಡೆಸುವವರಿಗೆ ಇದು ಅಸಾಧ್ಯವೇನಲ್ಲ. ಹೀಗೆ ಕೇಳಿ ಮಾಡಿಸುವವರು ಇದ್ದರೆ ಕಿವಿಯಿಂದ ರೀಡು ಕೂಡಿಸುವ ಕುಶಲಕರ್ಮಿಗಳಿಗೂ ಕೆಲಸ ಉಳಿಯುತ್ತದೆ. ಕೇಳುವವರಿಲ್ಲದಿದ್ದರೆ ಆ ವಿದ್ಯೆ ಅವರ ಮಕ್ಕಳಿಗೆ ದಾಟುವುದಿಲ್ಲ. ಆಮೇಲೆ ಅಂಥ ಪೇಟಿ ಬೇಕೆಂದರೂ ಮಾಡಿಕೊಡುವವರು ಸಿಗುವುದಿಲ್ಲ.